ಸೋಲ್ ಫುಡ್: ಸೊಪ್ಪು ಬೇಯಿಸಿದ ನೀರು ಚೆಲ್ಲಬೇಡಿ

ಸೋಲ್ ಫುಡ್ ಅಂದರೆ ‘ಆತ್ಮದ ಆಹಾರ’ ಅಂತ ಬರೆದುಕೊಂಡಿದ್ದರೆ ಹೊಡೆದುಹಾಕಿ. ನಾನೂ ಹಾಗೇ ಬರೆದುಕೊಂಡು, ಯಾವುದೋ ಸಾತ್ವಿಕ ಊಟ ಇರಬೇಕು ಅಂದುಕೊಂಡಿದ್ದೆ. ನೋಡಿದರೆ ಇದರಲ್ಲಿ ಹಂದಿಮಾಂಸವೇ ಜಾಸ್ತಿ!

ಇದು ಅಮೆರಿಕದ ಕಪ್ಪುಜನರ ಅಡುಗೆ. ಬೇರು ಇರುವುದು ದಕ್ಷಿಣದ ರಾಜ್ಯಗಳಲ್ಲಿ, ಗುಲಾಮಗಿರಿಯ ಕಾಲದಲ್ಲಿ. ಮಾಲೀಕರು ಅಳೆದು ಕೊಡುತ್ತಿದ್ದುದು ಮೆಕ್ಕೆಜೋಳದ ಹಿಟ್ಟು, ಉಪ್ಪು ಹಾಕಿಟ್ಟ ಹಂದಿಮಾಂಸ, ಒಂದಿಷ್ಟು ಕಾಕಂಬಿ. ಜೊತೆಗೆ ಗುಡಿಸಲ ಪಕ್ಕ ತಾವೇ ಬೆಳೆದ ಸೊಪ್ಪು. ಬೆಂಡೆಕಾಯಿ, ಅಲಸಂದೆ ಆಫ್ರಿಕಾದಿಂದ ಅಟ್ಲಾಂಟಿಕ್ ದಾಟಿ ಬಂದವು. (ನಮ್ಮ ಅಲಸಂದೆಯ ತವರೂ ಆಫ್ರಿಕಾವೇ.)

ಹೆಸರು ಮಾತ್ರ ಈಚಿನದು. 1960ರ ದಶಕದಲ್ಲಿ ಸಂಗೀತಕ್ಕೆ (ಸೋಲ್ ಮ್ಯೂಸಿಕ್), ಸ್ನೇಹಿತರಿಗೆ (ಸೋಲ್ ಬ್ರದರ್) ಅಂಟಿದ ‘ಸೋಲ್’ ಊಟಕ್ಕೂ ಅಂಟಿತು. ಒಂದೇ ಮಾತಲ್ಲಿ ಹೇಳಿದರೆ, ‘ಇದು ನಮ್ಮದು’. ಅಷ್ಟರಲ್ಲಿ ಲಕ್ಷಗಟ್ಟಲೆ ಜನ ದಕ್ಷಿಣ ಬಿಟ್ಟು ಷಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕ್ ಸೇರಿದ್ದರು. ದಕ್ಷಿಣ ಕೆರೊಲಿನಾದ ಸಿಲ್ವಿಯಾ ವುಡ್ಸ್ 1962ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ತೆರೆದ ಹೋಟೆಲು ಈ ಊಟಕ್ಕೇ ಹೆಸರಾಯಿತು. ಊರು ಬಿಟ್ಟವರಿಗೆ ಊರಿನ ರುಚಿ ಬೇಕೇ ಬೇಕು, ಅಲ್ವಾ?

ಈಗ ಅಡುಗೆಯ ವಿಧಾನ: ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸುವುದು. ಕಲಿಯಲು ಕೊಲಾರ್ಡ್ ಸೊಪ್ಪೇ ಸರಿ. ಇದು ಎಲೆಕೋಸಿನ ಬಳಗದ್ದು, ಆದರೆ ಕೋಸಿನ ಹಾಗೆ ಉಂಡೆ ಕಟ್ಟುವುದಿಲ್ಲ. ಎಲೆ ದಪ್ಪ, ಒರಟು. ಮೊದಲು ಹೊಗೆಯಲ್ಲಿ ಒಣಗಿಸಿದ ಹಂದಿಕಾಲಿನ ತುಂಡನ್ನು ಈರುಳ್ಳಿ ಜೊತೆ ನೀರಿಗೆ ಹಾಕಿ ಒಂದು ಗಂಟೆ ಬೇಯಲು ಬಿಡಬೇಕು. ಅದರ ಚರ್ಮ, ಗಟ್ಟಿ ನಾರುಗಳಲ್ಲಿರುವ ಕೊಲಾಜನ್ ಎಂಬ ಪ್ರೋಟೀನ್ ಕರಗಿ, ಅಂಟಂಟಾದ ಜೆಲಟಿನ್ ಆಗುತ್ತದೆ. ನೀರು ತುಟಿಗೆ ತುಸು ಅಂಟುವ ಹಾಗಾಗುವುದು ಅದರಿಂದಲೇ. ಅಷ್ಟರಲ್ಲಿ ಸೊಪ್ಪನ್ನು ಮೂರು ನೀರಲ್ಲಿ ತೊಳೆಯಿರಿ, ಮರಳು ಹೋಗಲಿ. ನಡುದಂಟು ಕಿತ್ತು, ಎಲೆಗಳನ್ನು ಒಂದರ ಮೇಲೊಂದಿಟ್ಟು, ಸುರುಳಿ ಸುತ್ತಿ ಹೆಚ್ಚಿ, ಮಾಂಸ ಬೆಂದ ನೀರಿಗೇ ಹಾಕಿ. ಪಾತ್ರೆ ತುಂಬಿ ತುಳುಕಿದರೂ ಹೆದರಬೇಡಿ, ಹತ್ತು ನಿಮಿಷಕ್ಕೆ ಇಳಿದುಹೋಗುತ್ತದೆ. ಮತ್ತೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಬೇಕು. ನೀರು ಕುದ್ದು ಹಾರಬಾರದು. ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದರೆ ಸಾಕು. ಮಾಂಸದಲ್ಲೇ ಉಪ್ಪಿರುವುದರಿಂದ ಉಪ್ಪು ಕೊನೆಗೆ, ರುಚಿ ನೋಡಿಕೊಂಡು. ಆಮೇಲೆ ಒಂದು ಚಮಚ ವಿನೆಗರ್, ಚೂರು ಒಣಮೆಣಸು.

ಪಾತ್ರೆಯಲ್ಲಿ ಉಳಿಯುವ ಕಡುಹಸಿರು ರಸಕ್ಕೆ ಪಾಟ್ ಲಿಕ್ಕರ್ ಎಂದು ಹೆಸರು. ಹೆಂಡ ಅಲ್ಲ! ಸೊಪ್ಪಿನ ಸತ್ವ ಇಳಿದಿರುವುದು ಇದರಲ್ಲೇ. ಬಸ್ಸಾರು ಮಾಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕುತ್ತೇವೆ. ಅವರು ಏನೂ ಸೇರಿಸದೆ, ಮೆಕ್ಕೆಜೋಳದ ಬ್ರೆಡ್ಡನ್ನು ಅದ್ದಿ ತಿನ್ನುತ್ತಾರೆ.