ನಾಲ್ಕು ಕಡ್ಡಿ ತೋರಿಸುವ ಫೋನ್ ಎರಡು ಕಡ್ಡಿಯ ಫೋನಿಗಿಂತ ಉತ್ತಮವೇ?

ಪ್ರಶ್ನೆ: ನನ್ನ ಫೋನಿನಲ್ಲೂ ತಮ್ಮನ ಫೋನಿನಲ್ಲೂ ಇರುವುದು ಒಂದೇ ಕಂಪನಿಯ ಸಿಮ್. ಒಂದೇ ಕೋಣೆಯಲ್ಲಿ ಕುಳಿತಿದ್ದರೂ ನನ್ನದರಲ್ಲಿ ಎರಡು ಕಡ್ಡಿ ಸಿಗ್ನಲ್, ಅವನದರಲ್ಲಿ ನಾಲ್ಕು ಕಡ್ಡಿ. ನಾನು ಫೋನ್ ಬದಲಿಸಬೇಕೋ, ಸಿಮ್ ಬದಲಿಸಬೇಕೋ?

ಉತ್ತರ: ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೆ ಎಂಬ ಲೆಕ್ಕ ನನಗೇ ತಪ್ಪಿಹೋಗಿದೆ. ಒಮ್ಮೆ ಅದು ಐಫೋನ್ ಮೇಲೋ ಆಂಡ್ರಾಯ್ಡ್ ಮೇಲೋ ಎಂಬ ಜಗಳದ ವೇಷದಲ್ಲಿ ಬರುತ್ತದೆ, ಇನ್ನೊಮ್ಮೆ ಯಾವ ಕಂಪನಿಯ ನೆಟ್‌ವರ್ಕ್ ಒಳ್ಳೆಯದು ಎಂಬ ವೇಷದಲ್ಲಿ. ವೇಷ ಕಳಚಿದರೆ ಒಳಗೆ ಸಿಗುವುದು ಇದೇ ಕಡ್ಡಿಗಳು. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಡ್ಡಿಗಳನ್ನು ಎಣಿಸಿ ಫೋನನ್ನೂ ಬದಲಿಸಬೇಡಿ, ಸಿಮ್ಮನ್ನೂ ಬದಲಿಸಬೇಡಿ.

ಕಡ್ಡಿ ಒಂದು ಅಳತೆಯೇ ಅಲ್ಲ. ಅಳೆಯುವವರ ಕೈ ಉದ್ದವಾದಂತೆ ಮೊಳವೂ ಉದ್ದವಾಗುವ ಹಾಗೆ, ಫೋನ್ ಬದಲಾದಂತೆ ಕಡ್ಡಿಯ ಅರ್ಥವೂ ಬದಲಾಗುತ್ತದೆ. ಫೋನ್ ನಿಜವಾಗಿ ಅಳೆಯುವುದು ಟವರಿನಿಂದ ತನಗೆ ತಲುಪಿದ ಅಲೆಗಳ ಶಕ್ತಿಯನ್ನು. ಅದನ್ನು ಡಿಬಿಎಂ ಎಂಬ ಮಾನದಲ್ಲಿ, ಸಾಮಾನ್ಯವಾಗಿ ಋಣ ಸಂಖ್ಯೆಯಾಗಿ ಹೇಳುತ್ತಾರೆ. ಈ ಮಾನದಲ್ಲಿ 10 ಅಂಕಿ ಇಳಿದರೆ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಇಳಿದಂತೆ. 4ಜಿಯಲ್ಲಿ –85 ಎಂದರೆ ಸೊಗಸಾದ ಸಿಗ್ನಲ್, –115 ಎಂದರೆ ಏದುಸಿರು ಬಿಡುವ ಸಿಗ್ನಲ್. ಇವೆರಡರ ನಡುವಿನ ಅಂತರ ಸಾವಿರ ಪಟ್ಟು. ಇಷ್ಟು ದೊಡ್ಡ ಹರವನ್ನು ನಾಲ್ಕೋ ಐದೋ ಗೆರೆಗಳಿಗೆ ಹಂಚುವಾಗ ಎಲ್ಲೆಲ್ಲಿ ಕತ್ತರಿಸಬೇಕು ಎಂಬುದನ್ನು ಎಲ್ಲರೂ ಪಾಲಿಸಲೇಬೇಕಾದ ಯಾವ ನಿಯಮವೂ ಗೊತ್ತುಪಡಿಸಿಲ್ಲ. ಅದು ಫೋನ್ ತಯಾರಿಸುವವರ ಮರ್ಜಿ. ಆಂಡ್ರಾಯ್ಡ್‌ನಲ್ಲಿ ಸಿಮ್ ಕಂಪನಿಯೂ ತನ್ನ ಗ್ರಾಹಕರ ಫೋನುಗಳಿಗೆ ಈ ಗಡಿಗಳನ್ನು ಬೇರೆಯಾಗಿ ನಿಗದಿಪಡಿಸಬಹುದು. ಅಷ್ಟೇ ಅಲ್ಲ, ಯಾರು ಬೇಕಾದರೂ ತೆರೆದು ಓದಬಹುದಾದ ಆಂಡ್ರಾಯ್ಡ್ ತಂತ್ರಾಂಶದ ಕೋಡಿನಲ್ಲಿ, ಇರುವುದಕ್ಕಿಂತ ಒಂದು ಕಡ್ಡಿ ಹೆಚ್ಚು ತೋರಿಸಲು ಸಿಮ್ ಕಂಪನಿಗಳಿಗೆಂದೇ ಒಂದು ಆಯ್ಕೆಯನ್ನು ಇರಿಸಲಾಗಿದೆ. ಇದನ್ನು ತಿಳಿದ ಮೇಲೂ ಕಡ್ಡಿ ಎಣಿಸುವವರಿಗೆ ನಾನೇನು ಹೇಳಲಿ?

ಇದೆಲ್ಲ ಊಹೆ ಎನ್ನುವವರು 2010ರ ಐಫೋನ್ 4ರ ಕಥೆಯನ್ನು ನೆನಪಿಸಿಕೊಳ್ಳಬಹುದು. ಫೋನಿನ ಸುತ್ತಲಿನ ಲೋಹದ ಪಟ್ಟಿಯೇ ಅದರ ಆಂಟೆನಾ. ಎಡಗಡೆ ಕೆಳಭಾಗದಲ್ಲಿದ್ದ ಸಂದಿನ ಮೇಲೆ ಅಂಗೈ ತಾಗಿದರೆ ಕಡ್ಡಿಗಳು ಒಂದೊಂದಾಗಿ ಉದುರುತ್ತಿದ್ದವು. ಗಲಾಟೆ ಜೋರಾದಾಗ ಆಪಲ್ ಕಂಪನಿ ಜುಲೈ 2ರಂದು ಒಂದು ಪತ್ರ ಪ್ರಕಟಿಸಿ, ಎಷ್ಟು ಕಡ್ಡಿ ತೋರಿಸಬೇಕೆಂದು ಲೆಕ್ಕ ಹಾಕುವ ತನ್ನ ಸೂತ್ರವೇ ಪೂರ್ತಿ ತಪ್ಪಾಗಿತ್ತು, ಹಲವು ಸಂದರ್ಭಗಳಲ್ಲಿ ತೋರಿಸಬೇಕಾದುದಕ್ಕಿಂತ ಎರಡು ಕಡ್ಡಿ ಹೆಚ್ಚಾಗಿ ತೋರಿಸುತ್ತಿದ್ದೆವು ಎಂದು ಒಪ್ಪಿಕೊಂಡಿತು. ಆ ತಪ್ಪು 2007ರ ಮೊದಲ ಐಫೋನಿನಿಂದಲೂ ಇತ್ತು. ಅಂದರೆ ಮೂರು ವರ್ಷ ಜನ ಆ ಕಡ್ಡಿಗಳನ್ನು ಬೇರೆ ಫೋನುಗಳ ಕಡ್ಡಿಗಳ ಜೊತೆ ಹೋಲಿಸಿ, ವಾದಿಸಿ, ಗೆದ್ದೂ ಬಿಟ್ಟಿದ್ದರು. ಆಂಟೆನಾದ ದೋಷ ಬೇರೆ, ಕಡ್ಡಿಯ ದೋಷ ಬೇರೆ. ಮೊದಲನೆಯದಕ್ಕೆ ಕೊನೆಗೆ ಉಚಿತವಾಗಿ ಕವರ್ ಹಂಚಬೇಕಾಯಿತು. ಎರಡನೆಯದನ್ನು ಹೊಸ ತಂತ್ರಾಂಶದಿಂದ ಸರಿಪಡಿಸಿದರು.

ನೀವೇ ಪರೀಕ್ಷಿಸಿ ನೋಡಿ. ಬಹುತೇಕ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರಗಳಿರುವ ಪುಟಕ್ಕೆ ಹೋಗಿ ಸಿಮ್ ಸ್ಥಿತಿ ತೆರೆದರೆ ಡಿಬಿಎಂ ಸಂಖ್ಯೆ ಕಾಣುತ್ತದೆ. ಐಫೋನಿನಲ್ಲಿ *3001#12345#* ಎಂದು ಒತ್ತಿ ಕರೆ ಮಾಡಿದರೆ ಪರೀಕ್ಷಾ ಪುಟ ತೆರೆದುಕೊಳ್ಳುತ್ತದೆ. ನಾನು ಎರಡು ಫೋನುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಒಂದೇ ಸಿಮ್ಮನ್ನು ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಿ ನೋಡಿದಾಗ, ಮೂರು ಕಡ್ಡಿಯದು –104 ಎಂದಿತು, ಎರಡು ಕಡ್ಡಿಯದು –101 ಎಂದಿತು. ಕಡ್ಡಿ ಕಡಿಮೆ ಇದ್ದುದಕ್ಕೇ ಸಿಗ್ನಲ್ ತುಸು ಹೆಚ್ಚು. ಅದೇ ಫೋನನ್ನು ಆಟ ಆಡುವವರಂತೆ ಅಡ್ಡಲಾಗಿ ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದಾಗ ಸಂಖ್ಯೆ –110 ದಾಟಿತು. ಕೂತಲ್ಲೇ ಕೂತಿದ್ದರೂ ಈ ಸಂಖ್ಯೆ ನಾಲ್ಕೈದು ಅಂಕಿ ಅತ್ತಿತ್ತ ಓಲಾಡುತ್ತಿರುತ್ತದೆ, ಆದ್ದರಿಂದ ಸಣ್ಣ ವ್ಯತ್ಯಾಸಗಳನ್ನು ಹಿಡಿದುಕೊಂಡು ಹೊಸ ಜಗಳ ಶುರುಮಾಡಬೇಡಿ.

ಸಿಗ್ನಲ್ ನಿಜಕ್ಕೂ ಬಲವಾಗಿದ್ದರೂ ವೇಗ ಸಿಗುತ್ತದೆ ಎಂಬ ಭರವಸೆಯಿಲ್ಲ. ಒಂದು ಟವರಿನ ಸಾಮರ್ಥ್ಯವನ್ನು ಅದಕ್ಕೆ ಅಂಟಿಕೊಂಡವರೆಲ್ಲ ಹಂಚಿಕೊಳ್ಳಬೇಕು. ಕ್ರೀಡಾಂಗಣ ತುಂಬಿದಾಗ ಕಡ್ಡಿ ಪೂರ್ತಿ ಇದ್ದೂ ಒಂದು ಫೋಟೊ ಹೋಗದಿರುವುದು ಇದೇ ಕಾರಣಕ್ಕೆ. ಇನ್ನೊಂದು ಸಂಗತಿ ಬ್ಯಾಂಡಿನದು, ಅಂದರೆ ಫೋನೂ ಟವರೂ ಮಾತಾಡಿಕೊಳ್ಳುವ ಅಲೆಗಳ ಆವರ್ತನದ ಪಟ್ಟಿಯದು. 700ರಿಂದ 900 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳು ದೂರ ಹೋಗುತ್ತವೆ, ಗೋಡೆಗಳನ್ನು ಸುಲಭವಾಗಿ ಹಾಯುತ್ತವೆ, ಆದರೆ ಅಲ್ಲಿ ಸಿಮ್ ಕಂಪನಿಗೆ ಸಿಕ್ಕಿರುವ ದಾರಿ ಸಾಮಾನ್ಯವಾಗಿ ಕಿರಿದು. 1800 ಅಥವಾ 2300 ಮೆಗಾಹರ್ಟ್ಸ್‌ನಲ್ಲಿ ದಾರಿ ಅಗಲ, ಅಲೆಗಳು ಮಾತ್ರ ಗೋಡೆ ದಾಟುವಷ್ಟರಲ್ಲಿ ಸೋತಿರುತ್ತವೆ. ನಿಮ್ಮ ತಮ್ಮನ ಫೋನ್ ಕೆಳಗಿನ ಬ್ಯಾಂಡ್ ಹಿಡಿದು ನಾಲ್ಕು ಕಡ್ಡಿ ತೋರಿಸುತ್ತಿರಬಹುದು, ನಿಮ್ಮದು ಮೇಲಿನದನ್ನು ಹಿಡಿದು ಎರಡೇ ಕಡ್ಡಿಯಲ್ಲಿ ಅದಕ್ಕಿಂತ ಬೇಗ ವಿಡಿಯೊ ಇಳಿಸಿಕೊಳ್ಳುತ್ತಿರಬಹುದು.

ಹಾಗಾದರೆ ಹೋಲಿಸಬೇಕಾದುದು ಏನನ್ನು? ಫೋನು ಮತ್ತು ಸಿಮ್ ಕಂಪನಿಯ ಜೋಡಿಯನ್ನು, ಅದೂ ನೀವು ಹೆಚ್ಚು ಹೊತ್ತು ಕಳೆಯುವ ಜಾಗದಲ್ಲಿ. ಕಂಪನಿಯು ನಿಮ್ಮ ಸುತ್ತ ಯಾವ ಬ್ಯಾಂಡುಗಳನ್ನು ಬಳಸುತ್ತದೆ, ಫೋನಿನ ವಿವರಪಟ್ಟಿಯಲ್ಲಿ ಅವು ಇವೆಯೇ ಎಂದು ನೋಡಿ. ಹೆಸರು ಒಂದೇ ಎಂದು ನಂಬಬೇಡಿ, ಮಾದರಿ ಸಂಖ್ಯೆ ನೋಡಿ. 2016ರ ಐಫೋನ್ 7 ಹೊರಗಿನಿಂದ ಒಂದೇ ಫೋನು. ಒಳಗೆ, ಟವರಿನೊಡನೆ ಸಂಪರ್ಕ ನಡೆಸುವ ಮೋಡೆಮ್ ಎಂಬ ಚಿಪ್ ಮಾತ್ರ ಬೇರೆ ಬೇರೆ: ಕೆಲವದರಲ್ಲಿ ಕ್ವಾಲ್‌ಕಾಮ್ ಮೋಡೆಮ್, ಕೆಲವದರಲ್ಲಿ ಇಂಟೆಲ್ ಮೋಡೆಮ್ ಇತ್ತು, ಮತ್ತು ಇಂಟೆಲ್‌ನದು ಸಿಡಿಎಂಎ ಎಂಬ ಹಳೆಯ ಬಗೆಯ ಮೊಬೈಲ್ ಜಾಲಗಳಲ್ಲಿ ಕೆಲಸವನ್ನೇ ಮಾಡುತ್ತಿರಲಿಲ್ಲ.

ಯಾರೂ ಕೇಳದಿದ್ದರೂ, ಜೋಡಿಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕೆನಿಸುತ್ತಿದೆ. ಕೆಲವು ಫೋನುಗಳಲ್ಲಿ ಕರೆ ಬಂದ ಕೂಡಲೇ ಮೇಲಿನ 4ಜಿ ಗುರುತು ಮಾಯವಾಗಿ 3ಜಿ ಅಥವಾ 2ಜಿ ಗುರುತು ಮೂಡುವುದನ್ನು ಗಮನಿಸಿದ್ದೀರಾ? 4ಜಿ ಜಾಲ ಮೂಲತಃ ಡೇಟಾ ಸಾಗಿಸಲು ರೂಪುಗೊಂಡದ್ದು. ಹಳೆಯ ಬಗೆಯ ಕರೆಗೆ ಅದರಲ್ಲಿ ಜಾಗವಿಲ್ಲ. ಧ್ವನಿಯನ್ನೂ ಡೇಟಾ ಆಗಿಸುವ ವಿಒಎಲ್‌ಟಿಇ ವ್ಯವಸ್ಥೆ ಇಲ್ಲದಿದ್ದರೆ ಫೋನು ಮಾತಿಗಾಗಿ ಹಳೆಯ ಜಾಲಕ್ಕೆ ಇಳಿಯಲೇಬೇಕು. ಆ ಹಳೆಯ ಜಾಲವನ್ನೇ ಮುಚ್ಚಿದರೆ? ಅಮೆರಿಕದಲ್ಲಿ ಎಟಿ ಆ್ಯಂಡ್ ಟಿ 2022ರ ಫೆಬ್ರವರಿಯಲ್ಲಿ 3ಜಿ ಮುಚ್ಚಿದಾಗ ಇದೇ ಆಯಿತು. ವಿಒಎಲ್‌ಟಿಇ ತಂತ್ರಜ್ಞಾನವಿದ್ದ ಫೋನುಗಳಲ್ಲೂ ಆ ಕಂಪನಿಯ ಒಪ್ಪಿಗೆಯ ಪಟ್ಟಿಯಲ್ಲಿ ಹೆಸರಿಲ್ಲದವು ಕರೆಗೆ ಒದಗದೆ ಹೋದವು. ಆದ್ದರಿಂದ ಬೇರೆ ದೇಶದಿಂದ ಫೋನ್ ತರಿಸುವವರು ಬ್ಯಾಂಡುಗಳ ಜೊತೆಗೆ, ತಮ್ಮ ಸಿಮ್ ಕಂಪನಿಯು ಆ ಮಾದರಿ ಸಂಖ್ಯೆಗೆ ವಿಒಎಲ್‌ಟಿಇ ಕೊಡುತ್ತದೆಯೇ ಎಂದೂ ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು.