65ಕ್ಕೆ ಮೆಡಿಕೇರ್: ಮೆಡಿಗ್ಯಾಪ್ ತಗೋಬೇಕಾ, ಅಡ್ವಾಂಟೇಜ್ ತಗೋಬೇಕಾ?

ಅಮೆರಿಕದಲ್ಲಿ 65 ತುಂಬಿದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇರ್. 1965ರಲ್ಲಿ ಕಾನೂನಾಯಿತು. ಎ, ಬಿ, ಸಿ, ಡಿ ಅಂತ ಭಾಗಗಳನ್ನು ಸುಮ್ನೆ ಬಾಯಿಪಾಠ ಮಾಡಿದರೆ ತಲೆಗೆ ಹತ್ತುವುದಿಲ್ಲ. ಯಾವ ಬಿಲ್ ಯಾರು ಕಟ್ಟುತ್ತಾರೆ ಅಂತ ನೋಡುತ್ತಾ ಹೋಗಿ.

ಭಾಗ ಎ ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ. ನೀವೋ ನಿಮ್ಮ ಸಂಗಾತಿಯೋ 10 ವರ್ಷ ಮೆಡಿಕೇರ್ ತೆರಿಗೆ ಕಟ್ಟಿದ್ದರೆ ಇದಕ್ಕೆ ಪ್ರೀಮಿಯಂ ಇಲ್ಲ. ಭಾಗ ಬಿ ಡಾಕ್ಟರ್ ಫೀಸು, ಪರೀಕ್ಷೆ, ಹೊರರೋಗಿ ಚಿಕಿತ್ಸೆಗೆ. 2025ರಲ್ಲಿ ಇದರ ಸಾಮಾನ್ಯ ಪ್ರೀಮಿಯಂ ತಿಂಗಳಿಗೆ 185 ಡಾಲರ್. ಎರಡೂ ಸೇರಿ ಮೂಲ ಮೆಡಿಕೇರ್.

ಇದರಲ್ಲಿ ಒಂದು ದೊಡ್ಡ ತೂತಿದೆ. ಭಾಗ ಬಿಯಲ್ಲಿ ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮೊದಲು ವರ್ಷಕ್ಕೆ ನೀವೇ ಕಟ್ಟಬೇಕಾದ ಮೊತ್ತ) ಕಳೆದ ಮೇಲೆ ಸಾಮಾನ್ಯವಾಗಿ ಶೇ 20 ನಿಮ್ಮ ಪಾಲು, ಅದಕ್ಕೆ ವಾರ್ಷಿಕ ಮಿತಿಯೇ ಇಲ್ಲ. ಮೆಡಿಕೇರ್ ಒಪ್ಪಿದ ಬಿಲ್ 1 ಲಕ್ಷ ಡಾಲರ್ ಆದರೆ ಸುಮಾರು 20 ಸಾವಿರ ನಿಮ್ಮ ಕೈಯಿಂದಲೇ ಹೋಗಬೇಕು. ಮುಂದಿನ ಆಯ್ಕೆಯೆಲ್ಲ ಇದನ್ನು ಹೇಗೆ ಮುಚ್ಚುವುದು ಅನ್ನುವುದರ ಬಗ್ಗೆಯೇ.

ಒಂದು ದಾರಿ ಮೆಡಿಗ್ಯಾಪ್. ಇದು ಮೂಲ ಮೆಡಿಕೇರ್ ಮೇಲೆ ಖಾಸಗಿ ಕಂಪನಿಯಿಂದ ಕೊಳ್ಳುವ ಪೂರಕ ವಿಮೆ. ಹೆಚ್ಚಿನ ರಾಜ್ಯಗಳಲ್ಲಿ ಇದರ ಪ್ಲಾನ್‌ಗಳಿಗೆ ಅಕ್ಷರದ ಹೆಸರಿರುತ್ತದೆ; ಉದಾಹರಣೆಗೆ ಪ್ಲಾನ್ ಜಿ ಅಂದರೆ ಯಾವ ಕಂಪನಿಯದ್ದಾದರೂ ಮೂಲ ಸೌಲಭ್ಯ ಒಂದೇ, ಬೆಲೆ ಮಾತ್ರ ಬೇರೆ. ಮೆಡಿಕೇರ್ ಒಪ್ಪುವ ಯಾವ ಡಾಕ್ಟರ ಹತ್ತಿರ ಬೇಕಾದರೂ ಹೋಗಬಹುದು. ಪ್ರೀಮಿಯಂ ಜಾಸ್ತಿ. ಔಷಧಿಗೆ ಭಾಗ ಡಿ ಬೇರೆಯಾಗಿ ಕೊಳ್ಳಬೇಕು.

ಇನ್ನೊಂದು ಅಡ್ವಾಂಟೇಜ್, ಅಂದರೆ ಭಾಗ ಸಿ. ಇಲ್ಲಿ ಖಾಸಗಿ ಕಂಪನಿಯೇ ಎಲ್ಲವನ್ನೂ ನಡೆಸುತ್ತದೆ. ಎಷ್ಟೋ ಪ್ಲಾನ್‌ಗಳಲ್ಲಿ ಭಾಗ ಬಿ ಪ್ರೀಮಿಯಂ ಬಿಟ್ಟು ಬೇರೇನೂ ಕಟ್ಟಬೇಕಿಲ್ಲ. ಔಷಧಿ, ಹಲ್ಲು, ಕಣ್ಣು ಸೇರಿರುವುದೂ ಉಂಟು. ವಾರ್ಷಿಕ ಮಿತಿಯೂ ಇದೆ: 2025ರಲ್ಲಿ ನೆಟ್‌ವರ್ಕ್ (ಕಂಪನಿ ಒಪ್ಪಂದ ಮಾಡಿಕೊಂಡ ಡಾಕ್ಟರು, ಆಸ್ಪತ್ರೆಗಳು) ಒಳಗೆ ಹೆಚ್ಚೆಂದರೆ 9,350 ಡಾಲರ್, ಔಷಧಿ ಖರ್ಚು ಬಿಟ್ಟು. ಆದರೆ ನೆಟ್‌ವರ್ಕ್ ಕಟ್ಟುಪಾಡು ಇರುತ್ತದೆ, ದೊಡ್ಡ ಚಿಕಿತ್ಸೆಗೆ ಮುಂಚೆಯೇ ಕಂಪನಿಯ ಅನುಮತಿ ಬೇಕಾಗುತ್ತದೆ.

ಆರೋಗ್ಯವಾಗಿರುವಾಗ ಅಡ್ವಾಂಟೇಜ್ ಅಗ್ಗ, ಕಾಯಿಲೆ ಬಂದರೆ ಮೆಡಿಗ್ಯಾಪ್‌ಗೆ ಹೋದರಾಯ್ತು ಅನಿಸುತ್ತದೆ ಅಲ್ವಾ? ಎಲ್ಲಕ್ಕಿಂತ ಗಮನ ಕೊಡಬೇಕಾದ್ದು ಇಲ್ಲೇ. ಮೆಡಿಗ್ಯಾಪ್ ಬಿಟ್ಟು ಅಡ್ವಾಂಟೇಜ್‌ಗೆ ಪ್ರತಿ ವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರೊಳಗೆ ಹೋಗಬಹುದು. ವಾಪಸ್ ಬರುವುದು ಅಷ್ಟು ಸುಲಭವಲ್ಲ. 65 ಆದ ಮೇಲೆ ಭಾಗ ಬಿ ಶುರುವಾದ ಮೊದಲ 6 ತಿಂಗಳು ಮಾತ್ರ ಯಾವ ಮೆಡಿಗ್ಯಾಪ್ ಕಂಪನಿಯೂ ಕಾಯಿಲೆ ನೋಡಿ ನಿರಾಕರಿಸುವಂತಿಲ್ಲ. ಆಮೇಲೆ ಹೆಚ್ಚಿನ ರಾಜ್ಯಗಳಲ್ಲಿ ಆರೋಗ್ಯದ ಪ್ರಶ್ನೆ ಕೇಳಿ ಇಲ್ಲ ಅನ್ನಬಹುದು. 65ಕ್ಕೆ ಮೊದಲ ಸಲ ಅಡ್ವಾಂಟೇಜ್ ಸೇರಿದವರಿಗೆ 12 ತಿಂಗಳೊಳಗೆ ಹಿಂದಿರುಗುವ ಹಕ್ಕು ಉಂಟು. ನ್ಯೂಯಾರ್ಕ್, ಕನೆಕ್ಟಿಕಟ್‌ನಂಥ ಕೆಲವೇ ರಾಜ್ಯಗಳ ನಿಯಮ ಉದಾರವಾಗಿದೆ. ಹಾಗಾಗಿ ಪ್ರೀಮಿಯಂ ಕಟ್ಟುವ ಶಕ್ತಿ ಇದ್ದರೆ ಮೊದಲು ಮೆಡಿಗ್ಯಾಪ್ ಹಿಡಿಯುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

65 ಆದರೂ 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯಲ್ಲಿ ಕೆಲಸ ಮಾಡುತ್ತಾ ಅಲ್ಲಿನ ವಿಮೆ ಹೊಂದಿರುವವರು ಭಾಗ ಬಿ ಮುಂದೂಡಬಹುದು. ಆಗ 6 ತಿಂಗಳ ಲೆಕ್ಕವೂ ಮುಂದಕ್ಕೆ ಹೋಗುತ್ತದೆ. ಕೆಲಸ ಬಿಟ್ಟ ಮೇಲೆ ಸಿಗುವ ಕೋಬ್ರಾ ವಿಮೆಗೆ (ಹಳೇ ಕಂಪನಿಯ ವಿಮೆಯನ್ನೇ ಸ್ವಂತ ಖರ್ಚಿನಲ್ಲಿ ಸ್ವಲ್ಪ ಕಾಲ ಮುಂದುವರಿಸುವುದು) ಈ ರಿಯಾಯಿತಿ ಇಲ್ಲ. ಅದನ್ನು ನಂಬಿ ತಡಮಾಡಿದರೆ, ತಪ್ಪಿದ ಪ್ರತಿ 12 ತಿಂಗಳಿಗೆ ಭಾಗ ಬಿ ಪ್ರೀಮಿಯಂ ಮೇಲೆ ಶೇ 10 ದಂಡ ಬೀಳುತ್ತದೆ, ಅದೂ ಸಾಮಾನ್ಯವಾಗಿ ಜೀವನಪೂರ್ತಿ.