ದೇವಿಮನೆ ಘಾಟಿಗೆ ಎಷ್ಟು ಕಿಲೋ ಸ್ಪ್ರಿಂಗ್?

ಸ್ಪೋರ್ಟ್ಸ್ ಕಾರಿನ ಹಳೆಯ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರತೊಡಗಿದರೆ, ಬದಲಿಗೆ ಕಾಯಿಲ್‌ಓವರ್ ಹಾಕಿಸುವ ಆಸೆ ಹುಟ್ಟುತ್ತದೆ. ಶಾಕ್‌ನ ಮೈಗೆ ಥ್ರೆಡ್ ಕೊಯ್ದು, ಅದರ ಮೇಲೆ ರಿಂಗ್ ಕೂರಿಸಿ, ರಿಂಗಿನ ಮೇಲೆ ಸ್ಪ್ರಿಂಗ್ ನಿಲ್ಲಿಸಿದ ಜೋಡಣೆ ಇದು. ರಿಂಗ್ ತಿರುಗಿಸಿದರೆ ಕಾರು ಏಳುತ್ತದೆ, ಇಳಿಯುತ್ತದೆ. ಹಾಗಾಗಿಯೇ ಗ್ಯಾರೇಜಿನಲ್ಲಿ ಎಲ್ಲರ ಮೊದಲ ಪ್ರಶ್ನೆ ‘ಎಷ್ಟು ಇಳಿಸಬಹುದು?’ ಎಂಬುದು. ಶಿರಸಿ, ಕುಮಟಾ, ಕಾರವಾರದ ರಸ್ತೆಗಳಲ್ಲಿ ಓಡಿಸುವವರು ಆ ಪ್ರಶ್ನೆಯನ್ನು ಕೊನೆಗಿಟ್ಟುಕೊಳ್ಳಬೇಕು. ಮೊದಲು ತಿಳಿಯಬೇಕಾದದ್ದು, ಈ ಸ್ಪ್ರಿಂಗಿನ ಮೇಲೆ ಕೂತ ಕಾರು ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎಂಬುದನ್ನು.

ಹಳ್ಳಕ್ಕೆ ಅಡ್ಡ ಹಾಕಿದ ಅಡಿಕೆ ದಬ್ಬೆಯ ಕಾಲುಸಂಕ ದಾಟಿದವರ ಕಾಲಿಗೆ ಈ ಲೆಕ್ಕ ಗೊತ್ತು. ಭಾರಕ್ಕೆ ಹೆಚ್ಚು ಬಾಗುವ ಸಂಕ ನಿಧಾನವಾಗಿ ತೂಗುತ್ತದೆ, ಕಡಿಮೆ ಬಾಗುವ ಸಂಕ ಚುರುಕಾಗಿ ಅದುರುತ್ತದೆ. ಕಾರಿನಲ್ಲೂ ಹಾಗೆಯೇ. ನಿಂತ ಕಾರಿನ ಭಾರಕ್ಕೆ ಚಕ್ರದ ಬಳಿ ಸ್ಪ್ರಿಂಗ್ 25 ಸೆಂ.ಮೀ. ಕುಗ್ಗುವಂತಿದ್ದರೆ ಸೆಕೆಂಡಿಗೆ 1 ಸಲ, ಅಂದರೆ 1 ಹರ್ಟ್ಸ್. 11 ಸೆಂ.ಮೀ. ಆದರೆ 1.5 ಹರ್ಟ್ಸ್, 6 ಸೆಂ.ಮೀ. ಆದರೆ 2 ಹರ್ಟ್ಸ್. ಮನೆಮಂದಿಯ ಕಾರುಗಳು 1ರಿಂದ 1.5ರೊಳಗೆ ಇರುತ್ತವೆ, ರಸ್ತೆಯಲ್ಲಿ ಓಡುವ ಸ್ಪೋರ್ಟ್ಸ್ ಕಾರುಗಳು 1.5ರಿಂದ 2ರೊಳಗೆ. ಅದರಾಚೆಯದು ರೇಸ್ ಟ್ರ್ಯಾಕಿನ ಲೋಕ. ಕೂತ ಮನುಷ್ಯನ ದೇಹ ಅತಿ ಹೆಚ್ಚು ದಣಿಯುವುದು 4ರಿಂದ 8 ಹರ್ಟ್ಸ್‌ನ ಲಂಬ ಕಂಪನಕ್ಕೆ. ಸ್ಪ್ರಿಂಗ್ ಬಿಗಿಯಾದಷ್ಟೂ ನಾವು ಆ ಕಡೆಗೆ ಸರಿಯುತ್ತೇವೆ.

ಅಂಗಡಿಯಲ್ಲಿ ಮಾತ್ರ ಯಾರೂ ಹರ್ಟ್ಸ್ ಹೇಳುವುದಿಲ್ಲ. ‘6 ಕಿಲೋ ಸ್ಪ್ರಿಂಗ್’, ‘8 ಕಿಲೋ ಸ್ಪ್ರಿಂಗ್’ ಎನ್ನುತ್ತಾರೆ. ಸ್ಪ್ರಿಂಗನ್ನು 1 ಮಿ.ಮೀ. ಕುಗ್ಗಿಸಲು ಬೇಕಾದ ಭಾರ ಅದು. ಬರೀ ಈ ಅಂಕಿ ನಂಬಿ ಕೊಂಡರೆ ಮೋಸ ಹೋಗುತ್ತೇವೆ, ಏಕೆಂದರೆ ಸ್ಪ್ರಿಂಗ್ ಎಲ್ಲಿ ಕೂತಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬವಾಗಿ ಚಕ್ರದ ಪಕ್ಕದಲ್ಲೇ ನಿಲ್ಲುವ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರಿನಲ್ಲಿ ಚಕ್ರ ಎಷ್ಟು ಏಳುತ್ತದೋ ಸ್ಪ್ರಿಂಗ್ ಬಹುತೇಕ ಅಷ್ಟೇ ಕುಗ್ಗುತ್ತದೆ. ಮೇಲೊಂದು ಕೆಳಗೊಂದು ತೋಳು ಚಕ್ರವನ್ನು ಹಿಡಿದಿರುವ ಡಬಲ್ ವಿಷ್‌ಬೋನ್ ಕಾರಿನಲ್ಲಿ ಸ್ಪ್ರಿಂಗ್ ತೋಳಿನ ನಡುವೆ ಎಲ್ಲೋ ಕೂತಿರುವುದರಿಂದ, ಚಕ್ರ 10 ಮಿ.ಮೀ. ಎದ್ದಾಗ ಅದು ಆರೂವರೆ ಮಿ.ಮೀ. ಮಾತ್ರ ಕುಗ್ಗಬಹುದು. ಈ ಅನುಪಾತದ ವರ್ಗದಿಂದ (0.65 × 0.65) ಸ್ಪ್ರಿಂಗಿನ ಬಿಗುವನ್ನು ಗುಣಿಸಿದರೆ ಚಕ್ರಕ್ಕೆ ಸಿಗುವ ಬಿಗುವು ತಿಳಿಯುತ್ತದೆ. 7 ಕಿಲೋ ಸ್ಪ್ರಿಂಗ್ ಅಲ್ಲಿ 3 ಕಿಲೋದಷ್ಟೇ ಕೆಲಸ ಮಾಡುತ್ತದೆ. ಒಂದು ಮೂಲೆಯಲ್ಲಿ ಸ್ಪ್ರಿಂಗಿನ ಮೇಲೆ 300 ಕಿಲೋ ಕೂತಿದ್ದರೆ ಅದು ಸುಮಾರು 1.6 ಹರ್ಟ್ಸ್, ಒಳ್ಳೆಯ ಅಂಕಿ. ಅದೇ 7 ಕಿಲೋ ಸ್ಪ್ರಿಂಗನ್ನು ಅಷ್ಟೇ ಭಾರದ ಸ್ಟ್ರಟ್ ಕಾರಿಗೆ ಹಾಕಿಸಿದರೆ 2.4 ಹರ್ಟ್ಸ್ ಹತ್ತಿರ ಹೋಗುತ್ತದೆ. ಗೆಳೆಯನ ಕಾರಿನ ಸ್ಪ್ರಿಂಗ್ ನೋಡಿ ನಮ್ಮ ಕಾರಿಗೆ ಆರ್ಡರ್ ಮಾಡಬಾರದು.

ಬಿಗಿ ಸ್ಪ್ರಿಂಗ್ ಹಾಕಿದರೆ ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ ಎಂಬ ನಂಬಿಕೆ ನುಣುಪಾದ ಟ್ರ್ಯಾಕಿನಲ್ಲಿ ಬಹುಮಟ್ಟಿಗೆ ನಿಜ. ಆಷಾಢದ ಮಳೆಯಲ್ಲಿ ಶಿರಸಿಯಿಂದ ದೇವಿಮನೆ ಘಾಟಿ ಇಳಿಯುವಾಗ, ಯಲ್ಲಾಪುರದಿಂದ ಅರಬೈಲ್ ಘಾಟಿ ಇಳಿಯುವಾಗ ಅದು ಸುಳ್ಳಾಗುತ್ತದೆ. ಟೈರಿನ ಮೇಲಿನ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಇರುತ್ತದೆ. ಹಾಗಾಗಿ ಉಬ್ಬುತಗ್ಗಿನ ರಸ್ತೆಯಲ್ಲಿ ಭಾರ ಏರುತ್ತ ಇಳಿಯುತ್ತ ಹೋದರೆ, ಇಳಿದಾಗ ಕಳೆದುಕೊಂಡ ಹಿಡಿತವನ್ನು ಏರಿದಾಗ ಪೂರ್ತಿ ಮರಳಿ ಪಡೆಯಲಾಗದು. ತೇಪೆ ಹಾಕಿದ ಒದ್ದೆ ತಿರುವಿನಲ್ಲಿ ಚಕ್ರವನ್ನು ಒಂದೇ ಒತ್ತಡದಲ್ಲಿ ರಸ್ತೆಗೆ ಒತ್ತಿ ಹಿಡಿಯುವುದು ಮೆತ್ತಗಿನ ಸ್ಪ್ರಿಂಗೇ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ನನ್ನ ಆಯ್ಕೆ ಮುಂದೆ 1.6 ಹರ್ಟ್ಸ್ ಆಸುಪಾಸು, ಹಿಂದೆ ಅದಕ್ಕಿಂತ ತುಸು ಹೆಚ್ಚು. ಹಿಂದೆ ಹೆಚ್ಚೇಕೆ? ಗಂಟೆಗೆ 60 ಕಿ.ಮೀ. ವೇಗದಲ್ಲಿ ಮುಂದಿನ ಚಕ್ರ ಹಾರಿದ ಉಬ್ಬು ಹಿಂದಿನ ಚಕ್ರಕ್ಕೆ ಸಿಗುವುದು ಸೆಕೆಂಡಿನ ಏಳನೇ ಒಂದು ಭಾಗ ತಡವಾಗಿ. ತಡವಾಗಿ ಹೊರಟ ಹಿಂಭಾಗ ಚುರುಕಾಗಿದ್ದರೆ ಮುಂಭಾಗದ ಜೊತೆಗೂಡುತ್ತದೆ, ಕಾರು ತಲೆದೂಗುವುದು ನಿಲ್ಲುತ್ತದೆ. 1930ರ ದಶಕದಲ್ಲಿ ಜನರಲ್ ಮೋಟಾರ್ಸ್‌ನಲ್ಲಿದ್ದ ಮಾರಿಸ್ ಆಲಿ ಎಂಬ ಎಂಜಿನಿಯರ್ ಈ ಸೂತ್ರವನ್ನು ನೆಲೆಗೊಳಿಸಿದರು.

ಸ್ಪ್ರಿಂಗಿನ ಆಟ ನಿಲ್ಲಿಸುವುದು ಶಾಕ್‌ನೊಳಗಿನ ಎಣ್ಣೆಯ ಕೆಲಸ. ಪಿಸ್ಟನ್ನಿನ ಕಿರಿದಾದ ದಾರಿಗಳಲ್ಲಿ ನುಗ್ಗಿ ಎಣ್ಣೆ ಬಿಸಿಯಾಗುತ್ತದೆ, ಆಟದ ಶಕ್ತಿ ಶಾಖವಾಗಿ ಹೋಗುತ್ತದೆ. ಕೊಳ್ಳುವವರನ್ನು ಸೆಳೆಯುವುದು ಮೇಲಿನ ತಿರುಗುಗುಂಡಿ ಮತ್ತು ಅದರ ಮೂವತ್ತು ಕ್ಲಿಕ್ಕುಗಳು. ಆ ಗುಂಡಿ ಸಾಮಾನ್ಯವಾಗಿ ಒಂದು ಸಣ್ಣ ಸೂಜಿರಂಧ್ರವನ್ನಷ್ಟೇ ಹಿಗ್ಗಿಸಿ ಕುಗ್ಗಿಸುತ್ತದೆ. ತಿರುವಿನಲ್ಲಿ ಕಾರು ವಾಲುವಾಗ ಪಿಸ್ಟನ್ ನಿಧಾನವಾಗಿ ಚಲಿಸುವುದರಿಂದ ಅದರ ಪರಿಣಾಮ ಗೊತ್ತಾಗುತ್ತದೆ. ಚಕ್ರ ರಸ್ತೆಯ ಹೊಂಡಕ್ಕೆ ಬಿದ್ದಾಗ ಪಿಸ್ಟನ್ ರಭಸದಿಂದ ನುಗ್ಗುತ್ತದೆ, ಆಗ ಆಳುವುದು ಒಳಗಿನ ತೆಳು ಉಕ್ಕಿನ ಬಿಲ್ಲೆಗಳು. ಅವನ್ನು ಹೊರಗಿನಿಂದ ಬದಲಿಸಲಾಗದು. ಬಿಲ್ಲೆಗಳ ಜೋಡಣೆ ಸರಿಯಿರುವ, ಒಂದೂ ಕ್ಲಿಕ್ ಇಲ್ಲದ ಶಾಕ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಘಾಟಿ ಓಡಾಟ ಹೆಚ್ಚಿದ್ದರೆ ಮೊನೊಟ್ಯೂಬ್, ಅಂದರೆ ಒಂದೇ ಕೊಳವೆಯ ಶಾಕ್ ಒಳ್ಳೆಯದು. ಒತ್ತಡದ ನೈಟ್ರೋಜನ್ ಅನಿಲ ಎಣ್ಣೆ ನೊರೆಗಟ್ಟದಂತೆ ತಡೆಯುತ್ತದೆ, ಒಂದೇ ಗೋಡೆಯಾದ್ದರಿಂದ ಶಾಖ ಬೇಗ ಹೊರಹೋಗುತ್ತದೆ.

ಇನ್ನು ಎತ್ತರ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನಕದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಮುಂದಿನ, ಹಿಂದಿನ ಚಕ್ರಗಳ ನಡುವೆ 2.45 ಮೀಟರ್ ಇರುವ ಕಾರು ಅದರ ನೆತ್ತಿ ಏರಿದಾಗ ನಾಲ್ಕೂ ಚಕ್ರ ಹಂಪಿನ ಮೇಲೇ ಇರುತ್ತವೆ. ಹೊಟ್ಟೆಯ ಕಡೆಗೆ ಚಾಚುವುದು ಬರೀ 4.4 ಸೆಂ.ಮೀ. ನೆಲದಿಂದ 11 ಸೆಂ.ಮೀ. ಎತ್ತರದ ಕಾರು ನಿರಾತಂಕವಾಗಿ ದಾಟುತ್ತದೆ. ಊರೊಳಗಿನ ಗಿಡ್ಡ ಅಗಲದ ಹಂಪ್ ಹಾಗಲ್ಲ. ಚಕ್ರಗಳು ಅದರ ಎರಡೂ ಬದಿಗೆ ನೆಲದಲ್ಲಿರುವಾಗ ಅದರ ಪೂರ್ತಿ ಎತ್ತರ ಹೊಟ್ಟೆಯ ಕೆಳಗೆ ನಿಂತಿರುತ್ತದೆ. ಆ 11 ಸೆಂ.ಮೀ.ನಿಂದ 4 ಸೆಂ.ಮೀ. ಇಳಿಸಿದ ಕಾರಿಗೆ 8 ಸೆಂ.ಮೀ.ನ ಇಂಥ ಹಂಪ್ ಕೂಡ ಗೋಡೆ. ಸ್ಟ್ರಟ್ ಕಾರನ್ನು ಅಷ್ಟು ಇಳಿಸಿದರೆ ಚಕ್ರವನ್ನು ಹಿಡಿದ ಕೆಳತೋಳಿನ (ಲೋವರ್ ಆರ್ಮ್) ಕೋನ ಕೆಡುತ್ತದೆ, ವಾಲುವ ಪ್ರವೃತ್ತಿ ಕಡಿಮೆಯಾಗುವ ಬದಲು ಹೆಚ್ಚಬಹುದು. ಒಂದೂವರೆ, ಎರಡು ಸೆಂ.ಮೀ. ಸಾಕು. ಕೆಳಗಿನ ಬ್ರಾಕೆಟ್ಟನ್ನೇ ತಿರುಗಿಸಿ ಎತ್ತರ ಹೊಂದಿಸುವ ಕಾಯಿಲ್‌ಓವರ್ ಆರಿಸಿದರೆ ಶಾಕ್ ಮೇಲೆ ಕೆಳಗೆ ಓಡುವ ಜಾಗ ಕಡಿತವಾಗದು. ತಯಾರಕರು ನಮೂದಿಸಿದ ವಿವರಕ್ಕೆ ವ್ಯತಿರಿಕ್ತವಾದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುವುದರಿಂದ, ಆರ್‌ಟಿಒ ಮತ್ತು ವಿಮಾ ಕಂಪನಿಯನ್ನು ಮೊದಲೇ ಕೇಳಿಕೊಳ್ಳಿ.

ಕಾರವಾರ, ಅಂಕೋಲಾದವರಿಗೆ ಇನ್ನೊಂದು ಶತ್ರುವಿದೆ, ಉಪ್ಪು. ಉಕ್ಕಿನ ಥ್ರೆಡ್ ಮೇಲೆ ಅಲ್ಯುಮಿನಿಯಂ ರಿಂಗ್ ಕೂತು ನಡುವೆ ಉಪ್ಪುನೀರು ಸೇರಿದರೆ, ಅಲ್ಯುಮಿನಿಯಂ ಸವೆದು ಬಿಳಿ ಪುಡಿಯಾಗಿ ರಿಂಗ್ ಕಚ್ಚಿಕೊಳ್ಳುತ್ತದೆ. ಆಮೇಲೆ ಎತ್ತರ ಬದಲಿಸುವ ಮಾತೇ ಇಲ್ಲ. ಸ್ಟೇನ್‌ಲೆಸ್ ಸ್ಟೀಲ್ ಮೈ, ಪಾಲಿಮರ್ ರಿಂಗ್ ಇರುವವು ದುಬಾರಿಯಾದರೂ ಕರಾವಳಿಯಲ್ಲಿ ಆ ಹಣ ದಂಡವಲ್ಲ. ಮಳೆಗಾಲದಲ್ಲಿ ಕೆಂಪುಮಣ್ಣು ಮೆತ್ತಿದ ಥ್ರೆಡ್ಡನ್ನು ಸಿಹಿನೀರಿನಲ್ಲಿ ತೊಳೆಯುತ್ತಿರಿ.

ಜೋಡಿಸುವ ದಿನ ಮೆಕ್ಯಾನಿಕ್ ಪಕ್ಕದಲ್ಲೇ ನಿಂತು ಒಂದನ್ನು ಗಮನಿಸಿ. ಕಾರು ಲಿಫ್ಟಿನ ಮೇಲೆ ತೂಗುತ್ತಿರುವಾಗಲೇ ಆರ್ಮ್‌ಗಳ ಬೋಲ್ಟ್ ಬಿಗಿದರೆ, ಕಾರು ಇಳಿದ ಕ್ಷಣದಿಂದ ಅವುಗಳ ಕೀಲಿನ ರಬ್ಬರ್ ಬುಷ್‌ಗಳು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತವೆ. ಚಕ್ರದ ಮೇಲೆ ಭಾರ ಕೂತ ಮೇಲೆಯೇ ಕೊನೆಯ ಬಿಗಿತ, ಅದಾದ ಮೇಲೆ ವೀಲ್ ಅಲೈನ್‌ಮೆಂಟ್.